ಆಕಾಶಕ್ಕೆ ಲಿಫ್ಟ್ ಅನ್ನೋ ಸುದ್ದಿ ಕಂಡರೆ ಕ್ಯಾಲ್ಕುಲೇಟರ್ ತೆಗೆಯಿರಿ

ಜಪಾನಿನ ಒಬಯಾಶಿ ಕಂಪನಿ 2012ರಲ್ಲಿ ಒಂದು ಯೋಜನೆ ಹೇಳಿತು. 96,000 ಕಿ.ಮೀ. ಉದ್ದದ ಕೇಬಲ್, 2050ರ ಹೊತ್ತಿಗೆ ಸ್ಪೇಸ್ ಎಲಿವೇಟರ್, ಅಂದರೆ ನೆಲದಿಂದ ಬಾಹ್ಯಾಕಾಶದವರೆಗೆ ಕಟ್ಟಿದ ಕೇಬಲ್ ಹಿಡಿದು ಹತ್ತುವ ಲಿಫ್ಟ್. ಅಲ್ಲಿಂದೀಚೆಗೆ ಇಂಥ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ. ಅದರಲ್ಲಿ ಎಷ್ಟು ಹುರುಳಿದೆ ಅಂತ ತಿಳಿಯೋಕೆ ಯಾರನ್ನೂ ಕೇಳಬೇಕಿಲ್ಲ, ಹೈಸ್ಕೂಲ್ ಲೆಕ್ಕ ಸಾಕು.

ಮೊದಲು ಹಗ್ಗ ನೋಡಿ. ಯಾವ ಹಗ್ಗವನ್ನಾದರೂ ಎತ್ತರದಿಂದ ಇಳಿಬಿಡುತ್ತಾ ಹೋದರೆ ಒಂದು ಹಂತದಲ್ಲಿ ತನ್ನ ತೂಕಕ್ಕೇ ತುಂಡಾಗುತ್ತದೆ. ಆ ಉದ್ದ ಕಂಡುಹಿಡಿಯೋದು ಹೀಗೆ: ವಸ್ತುವಿನ ಎಳೆತ ತಡೆಯುವ ಬಲವನ್ನು ಅದರ ಸಾಂದ್ರತೆಯಿಂದ ಭಾಗಿಸಿ, ಬಂದದ್ದನ್ನು 9.8ರಿಂದ ಭಾಗಿಸಿ. ಗುಂಡುನಿರೋಧಕ ಕವಚಕ್ಕೆ ಬಳಸುವ ಕೆವ್ಲಾರ್ ನಾರು ತಗೊಳ್ಳಿ. ಬಲ ಸುಮಾರು 360 ಕೋಟಿ ಪಾಸ್ಕಲ್, ಸಾಂದ್ರತೆ ಘನ ಮೀಟರಿಗೆ 1,440 ಕೆ.ಜಿ. ಉತ್ತರ ಸುಮಾರು 255 ಕಿ.ಮೀ. ಒಳ್ಳೇ ಉಕ್ಕಿನ ತಂತಿಗೆ 25 ಕಿ.ಮೀ. ಆಸುಪಾಸು ಬರುತ್ತದೆ. ನಮಗೆ ಬೇಕಾದದ್ದು ಸುಮಾರು 5,000 ಕಿ.ಮೀ. (ಕೇಬಲ್ ಇಳಿಬಿಡಬೇಕಾದ್ದು ಭೂಸ್ಥಿರ ಕಕ್ಷೆಯಿಂದ, ಅಂದರೆ ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಕಕ್ಷೆಯಿಂದ. ಅದು 35,786 ಕಿ.ಮೀ. ಎತ್ತರದಲ್ಲಿದ್ದರೂ ಮೇಲೆ ಹೋದಂತೆ ಗುರುತ್ವ ಕಡಿಮೆಯಾಗುವುದರಿಂದ ಇಷ್ಟು ಸಾಕು.) ಮೇಲೆ ದಪ್ಪ, ಕೆಳಗೆ ತೆಳು ಮಾಡಿದರೆ ಸ್ವಲ್ಪ ಉಳಿತಾಯ ಆಗುತ್ತದೆ ನಿಜ, ಆದರೆ ಉಕ್ಕಿನಲ್ಲಿ ಮಾಡಹೊರಟರೆ ಮೇಲಿನ ದಪ್ಪ ಊಹೆಗೂ ಮೀರಿ ಬೆಳೆಯುತ್ತದೆ.

ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ, ಅತಿ ಗಟ್ಟಿ ನಳಿಕೆ) ಇದೆಯಲ್ಲಾ ಅಂತೀರಾ? ಹಾಗಾದರೆ ಎಷ್ಟು ಉದ್ದದ ತುಂಡು ಮಾಡಿದ್ದಾರೆ ಅಂತ ಕೇಳಿ. ಚೀನಾದ ತ್ಸಿಂಗುವಾ ವಿಶ್ವವಿದ್ಯಾಲಯದವರು 2013ರಲ್ಲಿ ಬೆಳೆಸಿದ ನಳಿಕೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ, ಅದೇ ಆಗ ದೊಡ್ಡ ಸಾಧನೆ. ನಾಸಾ ಬಹುಮಾನ ಇಟ್ಟು ಸ್ಪರ್ಧೆ ನಡೆಸಿದಾಗಲೂ ಹೀಗೇ ಆಯಿತು. 2009ರಲ್ಲಿ ಲೇಸರ್ ಶಕ್ತಿಯಿಂದ ಕೇಬಲ್ ಹತ್ತಿದ ಲೇಸರ್‌ಮೋಟಿವ್ ತಂಡಕ್ಕೆ 9 ಲಕ್ಷ ಡಾಲರ್ ಸಿಕ್ಕಿತು, ಗಟ್ಟಿ ಹಗ್ಗದ ಬಹುಮಾನ ಮಾತ್ರ ಯಾರಿಗೂ ಸಿಗಲಿಲ್ಲ.

ಆಮೇಲೆ, ಎಲ್ಲಿ ಇಳಿಯಬೇಕು ಅಂತ ಕೇಳಿ. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. 400 ಕಿ.ಮೀ. ಎತ್ತರದಲ್ಲಿ ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ನೇರ ಕೆಳಗೆ ಬೀಳುತ್ತೀರಿ, ಯಾಕಂದ್ರೆ ಅಲ್ಲಿ ಸುತ್ತುತ್ತಾ ಇರೋಕೆ ಸೆಕೆಂಡಿಗೆ 7.7 ಕಿ.ಮೀ. ವೇಗ ಬೇಕು, ಕೇಬಲ್ ಕೊಡುವುದು ಅರ್ಧ ಕಿ.ಮೀ. ಮಾತ್ರ. ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವವರಿಗೆ ಉಳಿದ ವೇಗವನ್ನು ರಾಕೆಟ್ಟೇ ಕೊಡಬೇಕು. ಭೂಸ್ಥಿರ ಕಕ್ಷೆಗೆ ಹೋಗಬಹುದು, ಗಂಟೆಗೆ 200 ಕಿ.ಮೀ. ವೇಗದಲ್ಲಿ ಒಂದು ವಾರ ದಾಟುತ್ತದೆ, ಅದೂ ವಿಕಿರಣದ ಪಟ್ಟಿಗಳ ನಡುವೆ.

ಈಗ ಕೈಯಲ್ಲಿರುವುದರ ಪಕ್ಕ ಇಟ್ಟು ನೋಡಿ. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಕೆಳಹಂತ 2015ರ ಡಿಸೆಂಬರಿನಲ್ಲೇ ವಾಪಸ್ ಬಂದು ನಿಂತಿತು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ 2023 ಮತ್ತು 2024ರಲ್ಲಿ ಇಸ್ರೋದ ಮರುಬಳಕೆಯ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟಾಗ ಅದು ತಾನೇ ದಾರಿ ನೋಡಿಕೊಂಡು ರನ್‌ವೇ ಮೇಲೆ ಇಳಿಯಿತು. 2025ರ ಜನವರಿಯಲ್ಲಿ ಇಸ್ರೋದ ಸ್ಪೇಡೆಕ್ಸ್ ಪ್ರಯೋಗದ ಎರಡು ಉಪಗ್ರಹಗಳು ಕಕ್ಷೆಯಲ್ಲೇ ಜೋಡಣೆಯಾದವು (ಇದಕ್ಕೆ ಡಾಕಿಂಗ್ ಅನ್ನುತ್ತಾರೆ). ಈ ಕೆಲಸಗಳಿಗೆ ಹೊಸ ವಸ್ತುವಿಗಾಗಿ ಕಾಯಬೇಕಾಗಿಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳು ಯಾವುದನ್ನು ಹಿಡಿಯಬೇಕು ಅಂತ ಕೇಳಿದರೆ ನಾನು ಇವನ್ನೇ ತೋರಿಸುತ್ತೇನೆ.

ಒಂದು ವಿಷಯ ಬಿಡಬೇಡಿ. ಸುದ್ದಿ ಚಂದ್ರನ ಎಲಿವೇಟರ್ ಬಗ್ಗೆ ಇದ್ದರೆ ಗಮನ ಕೊಟ್ಟು ಓದಿ. ಅಲ್ಲಿ ಗುರುತ್ವ ಆರನೇ ಒಂದು ಭಾಗ, ಈಗ ಸಿಗುವ ನಾರುಗಳೇ ತಡೆಯಬಲ್ಲವು. ಆದರೆ ಆ ಕೇಬಲನ್ನು ಅಲ್ಲಿಗೆ ಹೊತ್ತು ಜೋಡಿಸೋಕೆ ಅಗ್ಗದ ರಾಕೆಟ್, ಡಾಕಿಂಗ್ ಎರಡೂ ಮೊದಲು ಬೇಕು.