ಸೆಲ್ಫ್ ಭಾರವಾಗಿ ಎಳೆಯುತ್ತಿದ್ದರೆ: ಬಿಚ್ಚುವ ಮೊದಲು ಅಳೆಯಿರಿ

ಕೀ ತಿರುಗಿಸಿದಾಗ ಎಂಜಿನ್ ಭಾರವಾಗಿ, ತಡೆತಡೆದು ತಿರುಗಿದರೆ ಹೆಚ್ಚಿನವರು ನೇರವಾಗಿ ಹೊಸ ಬ್ಯಾಟರಿ ಹಾಕಿಸುತ್ತಾರೆ. ಸರಿಹೋಗದಿದ್ದರೆ ಸೆಲ್ಫ್ ಮೋಟರ್ (ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಬದಲಿಸುತ್ತಾರೆ. ಎರಡೂ ಚೆನ್ನಾಗಿಯೇ ಇದ್ದು, ನಡುವಿನ ಒಂದು ತಂತಿ ಕೆಟ್ಟಿರುವುದು ತೀರಾ ಸಾಮಾನ್ಯ. ಹಾಗಾಗಿ ನಾನು ಪಾನಾ ಹಿಡಿಯುವ ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ.

ಮೊದಲು ಬ್ಯಾಟರಿ. ಗಾಡಿ ಕೆಲವು ಗಂಟೆ ನಿಂತಿರಬೇಕು. ಆಗಷ್ಟೇ ಓಡಿಸಿದ್ದರೆ ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯುತ್ತೇನೆ. ಇಲ್ಲದಿದ್ದರೆ ಮೀಟರ್ ಸುಳ್ಳು ಭರವಸೆ ಕೊಡುತ್ತದೆ. 12.6 ವೋಲ್ಟ್ ಇದ್ದರೆ ತುಂಬಿದೆ, 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ. 12.4ಕ್ಕಿಂತ ಕೆಳಗಿದ್ದರೆ ಪೂರ್ತಿ ಚಾರ್ಜ್ ಮಾಡಿದ ಮೇಲೆಯೇ ಮುಂದಿನ ಪರೀಕ್ಷೆ.

ಇನ್ನು ಎಂಜಿನ್ ಸ್ಟಾರ್ಟ್ ಆಗದಂತೆ ಮಾಡಬೇಕು. ಪೆಟ್ರೋಲ್ ಗಾಡಿಯಲ್ಲಿ ಇಂಧನ ಪಂಪಿನ ಫ್ಯೂಸ್ ತೆಗೆಯುತ್ತೇನೆ. ಪೈಪಿನಲ್ಲಿ ಉಳಿದ ಒತ್ತಡಕ್ಕೆ ಒಮ್ಮೆ ಸ್ಟಾರ್ಟ್ ಆಗಿ ತಾನೇ ನಿಲ್ಲಬಹುದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಮಧ್ಯೆ ಒಂದೆರಡು ನಿಮಿಷ ಮೋಟರ್ ತಣಿಯಲಿ.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟರ್ ಮಿತಿಮೀರಿ ಕರೆಂಟ್ ಎಳೆಯುತ್ತಿದೆ. 11ರ ಆಸುಪಾಸಿನಲ್ಲೇ ನಿಂತಿದ್ದೂ ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ದೂರಬೇಡಿ. ಕರೆಂಟ್ ದಾರಿಯಲ್ಲೇ ತಡೆಯಲ್ಪಡುತ್ತಿದೆ, ಅಥವಾ ಮೋಟರಿನ ಒಳಗೆ.

ದಾರಿಯ ಈ ತಡೆಯನ್ನು ಓಮ್ಸ್‌ನಲ್ಲಿ ಅಳೆಯಲು ಹೋಗಿ ಅನೇಕರು ದಾರಿ ತಪ್ಪುತ್ತಾರೆ. ಒಳಗಿನ ಎಳೆಗಳು ಮುಕ್ಕಾಲು ಪಾಲು ತುಂಡಾದ ಕೇಬಲ್ ಕೂಡ ಮೀಟರಿನಲ್ಲಿ ಸೊನ್ನೆಯನ್ನೇ ತೋರಿಸುತ್ತದೆ. ಆದರೆ 0.01 ಓಮ್ ತಡೆಯಲ್ಲಿ 150 ಆಂಪಿಯರ್ ಹರಿದರೆ 1.5 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಲೋಡ್ ಇರುವಾಗಲೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಸೀಸದ ಕಂಬಕ್ಕೆ (ಅದನ್ನು ಹಿಡಿದಿರುವ ಕೇಬಲ್ಲಿನ ಕ್ಲ್ಯಾಂಪಿಗಲ್ಲ), ಇನ್ನೊಂದನ್ನು ಮೋಟರಿನ ದಪ್ಪ ಕೇಬಲ್ ಕೂರುವ ಬೋಲ್ಟಿಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಸುತ್ತೇನೆ. ಮೀಟರ್ ತೋರಿಸುವುದು ನಡುವೆ ಕರಗಿದ ವೋಲ್ಟೇಜ್; ಅದು 0.5 ವೋಲ್ಟ್ ಒಳಗಿದ್ದರೆ ಸರಿ. ಆಮೇಲೆ ನೆಗೆಟಿವ್ ಕಂಬದಿಂದ ಮೋಟರಿನ ಮೈಗೆ: ಇಲ್ಲಿ 0.3 ದಾಟಬಾರದು. ದಾಟಿದರೆ ಕಂಬದಿಂದ ಕ್ಲ್ಯಾಂಪ್, ಕ್ಲ್ಯಾಂಪಿನಿಂದ ಕೇಬಲ್ ತುದಿ, ಎಂಜಿನ್ನಿನಿಂದ ಬಾಡಿ, ಹೀಗೆ ತುಂಡುತುಂಡಾಗಿ ಅಳೆದರೆ ಕಳ್ಳ ಜಾಗ ಸಿಗುತ್ತದೆ.

ಎಂಜಿನ್ನಿಗೂ ಬಾಡಿಗೂ ಸಂಪರ್ಕ ಕೊಡುವ ಅರ್ಥ್ ಪಟ್ಟಿಯನ್ನು ಬಹಳ ಜನ ನೋಡುವುದೇ ಇಲ್ಲ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ, ನೆಗೆಟಿವ್ ಕೇಬಲ್ ಬಾಡಿಗೆ ಮಾತ್ರ ಹೋಗುವ ಗಾಡಿಗಳಲ್ಲಿ ಕರೆಂಟಿಗೆ ಆ ಪಟ್ಟಿಯೇ ದಾರಿ. ಅದು ತುಕ್ಕು ಹಿಡಿದರೆ ಕರೆಂಟ್ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಮೂಲಕ ನುಸುಳುತ್ತದೆ. ಸೆಲ್ಫ್ ಹೊಡೆದಾಗ ಆ ಕೇಬಲ್‌ಗಳು ಬಿಸಿಯಾದರೆ ಬೇರೆ ಸಾಕ್ಷಿ ಬೇಕಿಲ್ಲ.

ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದು ಕೊನೆಗೆ. ಪಾನಾ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒರೆಸಿ, ಲೋಹ ಹೊಳೆಯುವವರೆಗೆ ಉಜ್ಜಿ. ಬಿಗಿಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ದಾರಿ ಸ್ವಚ್ಛವಿದ್ದರೆ ಡಿಸಿ ಕ್ಲ್ಯಾಂಪ್ ಮೀಟರ್: ಕೇಬಲ್ ಸುತ್ತ ಹಿಡಿದರೆ ಸಾಕು, ಹರಿಯುವ ಕರೆಂಟ್ ತೋರಿಸುತ್ತದೆ. ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 100ರಿಂದ 200 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಇನ್ನೂ ಹೆಚ್ಚು. ಕರೆಂಟ್ ಕಡಿಮೆ, ವೇಗವೂ ಕಡಿಮೆ ಎಂದರೆ ಮೋಟರಿನೊಳಗೆ ಸವೆದ ಕಾರ್ಬನ್ ಬ್ರಶ್, ಇಲ್ಲವೇ ಆ ಬ್ರಶ್ ಉಜ್ಜುವ ಕಮ್ಯುಟೇಟರ್ ಕೊಳೆಯಾಗಿದೆ. ಕರೆಂಟ್ ವಿಪರೀತ ಎಂದರೆ ಮೋಟರಿನ ಅಚ್ಚನ್ನು ಹೊರುವ ಬುಶ್ ಸವೆದು, ಒಳಗೆ ತಿರುಗುವ ಆರ್ಮೇಚರ್ ಉಜ್ಜುತ್ತಿರಬಹುದು, ಇಲ್ಲವೇ ಎಂಜಿನ್ನೇ ಬಿಗಿಯಾಗಿದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಬೆಲ್ಟ್ ಓಡಿಸುವ ಕ್ರ್ಯಾಂಕ್ ಪುಲ್ಲಿಯನ್ನು ಕೈಯಿಂದ ತಿರುಗಿಸಿದರೆ ತಿಳಿಯುತ್ತದೆ. ಬೆಲ್ಟ್ ಬಿಚ್ಚಿದಾಗ ಹಗುರಾದರೆ ಆಲ್ಟರ್ನೇಟರ್ ಅಥವಾ ಎಸಿ ಕಂಪ್ರೆಸರ್ ಜಾಮ್ ಆಗಿದೆ. ಪ್ಲಗ್ ರಂಧ್ರದಲ್ಲಿ ಕೂಲಂಟ್ ಕಂಡರೆ ಪ್ಲಗ್ ಹಾಕಿ ಮತ್ತೆ ಸೆಲ್ಫ್ ಹೊಡೆಯಬೇಡಿ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು.

ಬಿಸಿಯಾದಾಗ ಮಾತ್ರ ತೊಂದರೆ ಎಂದರೆ ನನ್ನ ಮೊದಲ ಅನುಮಾನ ಮೋಟರಿನ ಬುಶ್ ಮೇಲೆ. ಚಳಿಯಲ್ಲಿ ಮಾತ್ರ ಎಂದರೆ ಬ್ಯಾಟರಿಯ ಜೊತೆಗೆ ಆಯಿಲ್ ಗ್ರೇಡ್ ನೋಡಿ: 5ಡಬ್ಲ್ಯು-30 ಬೇಕಾದಲ್ಲಿ ಅದಕ್ಕಿಂತ ಗಟ್ಟಿಯಾದ 20ಡಬ್ಲ್ಯು-50 ಹಾಕಿದ್ದರೆ ಎಂಜಿನ್ ಹಗುರವಾಗಿ ತಿರುಗುವುದಿಲ್ಲ.