ಕೋಡಿ ಯಾರ ಹೊಲದ ಕಡೆಗೆ?

ಜಲಾನಯನದ ಕೆಲಸ, ಅಂದರೆ ಗುಡ್ಡದಿಂದ ಹಳ್ಳದವರೆಗೆ ಮಳೆನೀರು, ಮಣ್ಣು ಉಳಿಸುವ ಕೆಲಸ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಚೆಕ್ ಡ್ಯಾಮ್. ನಮ್ಮ ಮೊದಲ ಸಭೆಯಲ್ಲೂ ಅದೇ ಆಯಿತು. ಹಳ್ಳಕ್ಕೆ ಅಡ್ಡ ಒಂದು ಗೋಡೆ ಕಟ್ಟಿದರೆ ನೀರು ನಿಲ್ಲುತ್ತೆ, ಬಾವಿ ತುಂಬುತ್ತೆ, ಮುಗೀತಲ್ವಾ ಎಂದರು. ಸಮಿತಿಯ ಕೆಲಸ ನೋಡಿಕೊಳ್ಳುತ್ತಿದ್ದ ನಾನು ಅದು ಕೊನೆಗೆ ಆಗಬೇಕಾದ ಕೆಲಸ ಎಂದು ಹಟ ಹಿಡಿದೆ. ಮೇಲಿನ ಗುಡ್ಡ ಬೋಳಾಗಿತ್ತು. ಅದನ್ನು ಹಾಗೇ ಬಿಟ್ಟು ಕೆಳಗೆ ಗೋಡೆ ಕಟ್ಟಿದರೆ ನಿಲ್ಲುವುದು ನೀರಲ್ಲ, ಹೂಳು.

ಬಾಯಲ್ಲಿ ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಹಾಗಾಗಿ ಜೋರು ಮಳೆಯಲ್ಲೇ ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ನೀರಿನ ಹಿಂದೆಯೇ ನಡೆದೆವು. ಬದು ಎಲ್ಲಿ ಒಡೆದಿದೆ, ಕೊರಕಲು ಎಲ್ಲಿ ಶುರುವಾಗುತ್ತೆ, ಎಲ್ಲ ಕಣ್ಣೆದುರೇ ಕಂಡಿತು. ಹಳ್ಳದ ನೀರನ್ನು ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಟ್ಟೆವು. ಬೆಳಿಗ್ಗೆ ತಳದಲ್ಲಿ ಮಣ್ಣು ಕೂತಿತ್ತು. ಹಿರಿಯರೊಬ್ಬರು ಅದನ್ನು ನೋಡಿ, "ಇದು ನನ್ನ ಹೊಲದ್ದೇ ಕಣಪ್ಪ" ಎಂದರು. ಒಂದು ಲೆಕ್ಕವೂ ಕೆಲಸಕ್ಕೆ ಬಂತು: ಒಂದು ಹೆಕ್ಟೇರಿನಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. 20 ಮಿಲಿಮೀಟರ್ ಬಿದ್ದರೆ ಎರಡು ಲಕ್ಷ ಲೀಟರ್. ಇಷ್ಟನ್ನು ಬಿದ್ದಲ್ಲೇ ಹಿಡಿಯೋಣ ಎಂದಾಗ ಜನ ತಲೆಯಾಡಿಸಿದರು.

ಬದು ಹಾಕಬೇಕಾದ ಸಮಪಾತಳಿ ಗೆರೆ, ಅಂದರೆ ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಸಾಗುವ ಗೆರೆ ಗುರುತಿಸಲು ಬಳಸಿದ್ದು ಇಂಗ್ಲಿಷಿನ A ಆಕಾರದ ಮರದ ಚೌಕಟ್ಟು. ಸಮ ಉದ್ದದ ಎರಡು ಕೋಲು, ನಡುವೆ ಅಡ್ಡಪಟ್ಟಿ, ತುದಿಯಿಂದ ಇಳಿಬಿಟ್ಟ ದಾರಕ್ಕೆ ಒಂದು ಕಲ್ಲು. ಅದನ್ನು ನೆಲಕ್ಕೂರಿ, ಕಾಲು ಊರಿದ ಜಾಗ ಗುರುತು ಮಾಡಿ, ದಾರ ಪಟ್ಟಿಗೆ ತಾಗುವ ಕಡೆ ಗೀಟು ಹಾಕಬೇಕು. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗುರುತುಗಳ ಮೇಲೆ ನಿಲ್ಲಿಸಿ ಇನ್ನೊಂದು ಗೀಟು. ಎರಡೂ ಗೀಟುಗಳ ನಟ್ಟನಡುವೆ ದಾರ ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಶಾಲೆ ಬಿಟ್ಟ ಹುಡುಗರಿಂದ ಹಿಡಿದು ಅಜ್ಜಿಯರವರೆಗೆ ಎಲ್ಲರೂ ಇದನ್ನು ಕಲಿತರು. ದುಬಾರಿ ಯಂತ್ರ ತಂದಿದ್ದರೆ ಗೆರೆ ಹಾಕುವವರು ಹೊರಗಿನವರಾಗುತ್ತಿದ್ದರು, ಆಮೇಲೆ ಜಗಳ ಬಿಡಿಸಲು ಅವರು ಇರುತ್ತಿರಲಿಲ್ಲ.

ಜಗಳ ಅಂದೆನಲ್ಲ, ಅಗೆಯುವುದಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದು ಅದಕ್ಕೇ. ಸಮಪಾತಳಿ ಗೆರೆಗೆ ಸರ್ವೆ ನಂಬರ್ ಗೊತ್ತಿಲ್ಲ. ಅದು ಹೊಲದ ನಡುವೆ ಓರೆಯಾಗಿ ಹಾದುಹೋಗುತ್ತದೆ, ಉಳುವವರಿಗೆ ಕಿರಿಕಿರಿ. ಅಂಥ ಕಡೆ ಬದುವನ್ನು ಹೊಲದ ಅಂಚಿನತ್ತ ಸ್ವಲ್ಪ ಸರಿಸಿ, ತಗ್ಗಿನಲ್ಲಿ ಎತ್ತರ ಹೆಚ್ಚಿಸಿದೆವು. ಅದು ಹೇಗೋ ಬಗೆಹರಿಯಿತು. ಕೋಡಿಯದ್ದೇ ದೊಡ್ಡ ತಲೆನೋವು. ಬದು ಕಟ್ಟಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗಲು ದಾರಿ ಬೇಕೇ ಬೇಕು, ಇಲ್ಲದಿದ್ದರೆ ಒಂದೇ ದೊಡ್ಡ ಮಳೆಗೆ ಬದು ಕಿತ್ತುಹೋಗುತ್ತದೆ. ಆದರೆ ಆ ನೀರು ನುಗ್ಗುವುದು ಕೆಳಗಿನವನ ಹೊಲಕ್ಕೆ. "ನಿನ್ನ ನೀರು ನನಗ್ಯಾಕೆ?" ಅಂತ ಅಣ್ಣತಮ್ಮಂದಿರೇ ಎದುರುಬದುರು ನಿಂತರು.

ಕೊನೆಗೆ ಒಂದು ಕಟ್ಟಲೆ ಮಾಡಿಕೊಂಡೆವು. ಮೇಲಿನವರು, ಕೆಳಗಿನವರು ಇಬ್ಬರೂ ಬದುವಿನ ಮೇಲೆ ನಿಂತು ಕೋಡಿಯ ಜಾಗ ಗುರುತಿಸಬೇಕು. ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುವವರೆಗೆ ಗುದ್ದಲಿ ಎತ್ತುವಂತಿಲ್ಲ. ಕೋಡಿಗೆ ಕಲ್ಲು ಹಾಸಿ, ನೀರು ಬೀಳುವ ಕಡೆ ಲಾವಂಚ ನೆಡಬೇಕು. ಆದಷ್ಟೂ ನೀರು ಹತ್ತಿರದ ಕಾಲುವೆ ಸೇರಬೇಕು. ಇದರಿಂದ ಕೆಲಸ ನಿಧಾನವಾಯಿತು. ಆದರೆ ಒಪ್ಪಿ ಇಟ್ಟ ಕೋಡಿಯನ್ನು ರಾತ್ರೋರಾತ್ರಿ ಯಾರೂ ಮುಚ್ಚಲಿಲ್ಲ.

ಕೊರಕಲುಗಳಿಗೆ ಗುಂಡುಕಲ್ಲಿನ ತಡೆ ಹಾಕಿದೆವು. ಕೆಳಗಿನ ತಡೆಯ ನೆತ್ತಿ, ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಷ್ಟು ಅಂತರ ಇದ್ದರೆ ಸಾಕು. ನಡುಭಾಗ ತಗ್ಗಾಗಿರಬೇಕು, ಇಲ್ಲದಿದ್ದರೆ ನೀರು ದಡ ಕೊರೆಯುತ್ತದೆ.

ಗುಡ್ಡದಲ್ಲಿ ಮೇಯಿಸುವುದನ್ನು ನಿಲ್ಲಿಸುವ ಮಾತು ಬಂದಾಗ ಜಮೀನಿಲ್ಲದ ಕುರಿ ಸಾಕುವವರು ಕೇಳಿದ ಪ್ರಶ್ನೆ ನ್ಯಾಯವಾಗಿತ್ತು: ಬಾವಿ ತುಂಬುವುದು ನಿಮ್ಮದು, ಹಸಿದು ನಿಲ್ಲುವುದು ನಮ್ಮ ಕುರಿಯೇ? ಆಗ ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿಯ ಉದಾಹರಣೆ ಕೊಟ್ಟೆ. ಚಂಡೀಗಢದ ಸುಖ್ನಾ ಕೆರೆಗೆ ಹೂಳು ತುಂಬುತ್ತಿದೆ ಎಂದು 1970ರ ದಶಕದಲ್ಲಿ ಶುರುವಾದ ಕೆಲಸ ಅದು. ಅಲ್ಲಿ ಜಮೀನಿಲ್ಲದ ಮನೆಗಳಿಗೂ ನೀರಿನಲ್ಲಿ ಪಾಲು ಕೊಟ್ಟರು. ನಮ್ಮಲ್ಲಿ ಹಂಚುವಷ್ಟು ನೀರು ಆಗ ಇರಲಿಲ್ಲ. ಬದಲಿಗೆ ಗುಡ್ಡವನ್ನು ಪಾಲು ಮಾಡಿ ಒಂದೊಂದೇ ಭಾಗ ಮುಚ್ಚಿದೆವು. ಮುಚ್ಚಿದ ಕಡೆ ಹುಲ್ಲು ಕೊಯ್ದು ಒಯ್ಯುವ ಮೊದಲ ಹಕ್ಕು ಅವರಿಗೇ ಕೊಟ್ಟೆವು. ಈಗ ಗುಡ್ಡ ಕಾಯುವವರೂ ಅವರೇ.

ಚೆಕ್ ಡ್ಯಾಮ್ ಇದೆಲ್ಲ ಆದ ಮೇಲೆ ಬಂತು, ಸಣ್ಣದೇ. ಬಾವಿಗಳಲ್ಲಿ ನೀರು ಮೇಲೆ ಬಂದಿದೆ, ಮಳೆಗಾಲ ಮುಗಿದ ಕೂಡಲೇ ಹಗ್ಗ ಇಳಿಸಿ ಅಳೆದು ಬರೆದಿಡುತ್ತೇವೆ. ನೀರು ಕಂಡ ಕೂಡಲೇ ಕೊಳವೆಬಾವಿ ಕೊರೆಸುವ ಆಸೆ ಹಲವರಿಗೆ ಬಂದಿದೆ. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ಬೇಸಾಯಕ್ಕೆ ಕೊಳವೆಬಾವಿ ಬೇಡ ಎಂದು ಊರೇ ತೀರ್ಮಾನಿಸಿದೆ, ವರ್ಷವರ್ಷ ನೀರಿನ ಲೆಕ್ಕ ನೋಡಿ ಬೆಳೆ ಹಾಕುತ್ತಾರೆ. ನಮ್ಮ ಸಭೆ ಇನ್ನೂ ಅಲ್ಲಿಗೆ ಬಂದಿಲ್ಲ. ಸದ್ಯಕ್ಕೆ ಒಪ್ಪಿರುವುದು ಇಷ್ಟೇ: ಬಾವಿಯ ಅಳತೆ ಓದಿ ಹೇಳಿದ ಮೇಲೇ ಹಿಂಗಾರಿಗೆ ಏನು ಬಿತ್ತಬೇಕು ಎಂಬ ಮಾತು.