ರೇಡಿಯೇಷನ್ ಆದಮೇಲೆ ಮರಳಿದ ಲಿಂಫೋಮಾ: ನಾನು ಅನುಸರಿಸುವ ಕ್ರಮ

ಲಿಂಫೋಮಾ ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಗದಗ, ರೋಣ, ಹಾನಗಲ್ ಕಡೆಯಿಂದ ಮತ್ತೆ ಗಂಟೆದ್ದು ಹುಬ್ಬಳ್ಳಿಗೆ ಬರುವವರ ಹತ್ತಿರ ನಾನು ಮೊದಲು ಕೇಳುವುದು ಹಳೆಯ ರೇಡಿಯೇಷನ್ ಚಾರ್ಟ್. ‘ಕರೆಂಟ್ ಕೊಟ್ಟಾರ್ರೀ’ ಅಂದರೆ ಸಾಲದು. ಎಷ್ಟು ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ), ಎಷ್ಟು ಸಿಟ್ಟಿಂಗ್, ಯಾವ ಜಾಗ ಎಂಬುದು ಬೇಕು. ಗಂಟು ಆ ಜಾಗದ ಒಳಗೆ ಎದ್ದಿದೆಯೋ ಹೊರಗೋ ಎಂದು ತಿಳಿಯದೆ ಮುಂದಿನ ಹೆಜ್ಜೆ ಇಡಲಾಗದು.

ಹಳೆಯ ವರದಿ ಇದ್ದರೂ ಬಯಾಪ್ಸಿ ಮತ್ತೆ ಆಗಲೇಬೇಕು. ನಿಧಾನವಾಗಿ ಬೆಳೆಯುತ್ತಿದ್ದ ಫಾಲಿಕ್ಯುಲರ್ ಲಿಂಫೋಮಾ ಈಗ ಉಗ್ರ ಜಾತಿಗೆ ತಿರುಗಿರಬಹುದು. ಕ್ಷಯದ ಗಂಟೂ ಆಗಿರಬಹುದು. ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿಯಿಂದ ಜೀವಕೋಶ ಎಳೆದು ನೋಡುವ ಪರೀಕ್ಷೆಯಲ್ಲಿ ಗಂಟಿನ ರಚನೆ ಕಾಣುವುದಿಲ್ಲ, ಹಾಗಾಗಿ ಇಡೀ ಗಂಟನ್ನೇ ತೆಗೆಸುತ್ತೇನೆ. ಸಣ್ಣ ಚೂರು ಸಲೈನ್‌ನಲ್ಲಿ ಟಿಬಿ ಪರೀಕ್ಷೆಗೆ, ಉಳಿದದ್ದು 10% ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಟಿಬಿ ಕಲ್ಚರ್ ಆಗದು. ಎಲ್ಲವನ್ನೂ ಸಲೈನ್‌ನಲ್ಲೇ ಬಿಟ್ಟರೆ ಜೀವಕೋಶ ಕೊಳೆಯುತ್ತವೆ. ಬಯಾಪ್ಸಿಗೆ ಮುಂಚೆ ಸ್ಟೆರಾಯ್ಡ್ ಮಾತ್ರೆ ಬೇಡವೇ ಬೇಡ: ಗಂಟು ಕರಗಿ, ಬಯಾಪ್ಸಿಯಲ್ಲಿ ರೋಗ ಗೊತ್ತಾಗದೆ ಹೋಗಬಹುದು.

ಲಿಂಫೋಮಾದ ಒಂದು ಬಗೆಯಾದ ಹಾಡ್ಜ್‌ಕಿನ್ ಆಗಿದ್ದು, ಮೊದಲು ಬರೀ ರೇಡಿಯೇಷನ್ ಆಗಿದ್ದರೆ ಪೂರ್ತಿ ವಾಸಿಯಾಗುವ ಅವಕಾಶ ಚೆನ್ನಾಗಿಯೇ ಇದೆ. ಕೊಡುವುದು ಎಬಿವಿಡಿ ಎಂಬ ನಾಲ್ಕು ಔಷಧಿಗಳ ಕೀಮೋ: ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಡಾಕ್ಸೊರುಬಿಸಿನ್ 25 ಮಿ.ಗ್ರಾಂ, ಬ್ಲಿಯೋಮೈಸಿನ್ 10 ಯೂನಿಟ್, ವಿನ್‌ಬ್ಲಾಸ್ಟಿನ್ 6 ಮಿ.ಗ್ರಾಂ, ಡಕಾರ್ಬಜಿನ್ 375 ಮಿ.ಗ್ರಾಂ, 28 ದಿನಗಳ ಚಕ್ರದಲ್ಲಿ 1 ಮತ್ತು 15ನೇ ದಿನ. ಆರು ಚಕ್ರಕ್ಕೆ ಡಾಕ್ಸೊರುಬಿಸಿನ್ ಚದರ ಮೀಟರಿಗೆ ಒಟ್ಟು 300 ಮಿ.ಗ್ರಾಂ ಆಗುತ್ತದೆ, ಅದು ಹೃದಯಕ್ಕೆ ಹೊರೆ. ಎದೆಗೆ ರೇಡಿಯೇಷನ್ ಬಿದ್ದಿದ್ದರೆ ಹೃದಯ ಆಗಲೇ ಪೆಟ್ಟು ತಿಂದಿರಬಹುದು, ಅದಕ್ಕೇ ಎಕೋ (ಹೃದಯದ ಸ್ಕ್ಯಾನ್) ಇಲ್ಲದೆ ಶುರು ಮಾಡುವುದಿಲ್ಲ. ಬ್ಲಿಯೋಮೈಸಿನ್ ಅಂಥವರ ಶ್ವಾಸಕೋಶವನ್ನೂ ಕೆಡಿಸಬಲ್ಲದು; ಒಣ ಕೆಮ್ಮು, ಏದುಸಿರು ಕಂಡರೆ ತಕ್ಷಣ ನಿಲ್ಲಿಸುತ್ತೇನೆ. ಎರಡು ಚಕ್ರದ ನಂತರ ಪೆಟ್ ಸ್ಕ್ಯಾನ್‌ನಲ್ಲಿ ರೋಗ ಕಾಣದಿದ್ದರೂ ಬ್ಲಿಯೋಮೈಸಿನ್ ಕೈಬಿಡುತ್ತೇನೆ. ಹಿಂದೆ ಕೀಮೋ ಕೂಡ ಆಗಿದ್ದವರಿಗೆ ಬೇರೆ ಕೀಮೋ, ಗಂಟು ಕರಗಿದರೆ ಅವರದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಕೋಶ) ಕಸಿ.

ಫಾಲಿಕ್ಯುಲರ್ ಆಗಿದ್ದು ತೊಂದರೆ ಇಲ್ಲದಿದ್ದರೆ ಕಾದು ನೋಡುವುದೂ ಚಿಕಿತ್ಸೆಯೇ. ಮನೆಯವರನ್ನು ಒಪ್ಪಿಸುವುದು ಕಷ್ಟ, ಆದರೂ ಕೂಡಿಸಿಕೊಂಡು ಹೇಳಬೇಕು. ಒಂದೇ ಗಂಟು ಕಾಡುತ್ತಿದ್ದರೆ 2 ಸಿಟ್ಟಿಂಗ್‌ನಲ್ಲಿ 4 ಗ್ರೇ. ಪ್ರಮಾಣ ಅಷ್ಟು ಕಡಿಮೆಯಾದ್ದರಿಂದ ಹಳೆಯ ಜಾಗಕ್ಕೂ ಸಾಮಾನ್ಯವಾಗಿ ಮತ್ತೆ ಕೊಡಬಹುದು. ರಿಟುಕ್ಸಿಮ್ಯಾಬ್ (ಲಿಂಫೋಮಾ ಕೋಶಗಳಿಗೆ ಗುರಿಯಿಡುವ ಔಷಧಿ) ಕೊಡುವುದಾದರೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ. ಅಡಗಿದ್ದ ವೈರಸ್ ಎದ್ದು ಲಿವರ್ ಕೆಡಬಹುದು.

ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮಾತ್ರೆ ನುಂಗಿ ಬೆಳಗಿನ ಬಸ್ಸಿಗೆ ಕಾಯಬೇಡಿ. ರಾತ್ರಿಯೇ ಹತ್ತಿರದ ಆಸ್ಪತ್ರೆ ಸೇರಿ, ಕೀಮೋ ಕಾರ್ಡ್ ತೋರಿಸಿ. ಆಂಟಿಬಯಾಟಿಕ್ ಇಂಜೆಕ್ಷನ್ ಒಂದು ತಾಸಿನೊಳಗೆ ಬೀಳಬೇಕು.